ಬೆರಳಿಗೆ ಸುತ್ತಿದ ಬಟ್ಟೆ

ಯಂತ್ರದ ಬಾಯಲ್ಲಿ ಒಡೆದ ಏಳನೆಯ ರೇಷ್ಮೆಗೂಡು ಅದು. ಒಳಗಿನ ಹುಳದ ಕಂದು ರಸ ಬಿಳಿ ರೇಷ್ಮೆಗೆ ಮೆತ್ತಿದ್ದನ್ನು ನೋಡಿ ಹುಳುಮನೆಯ ಯಜಮಾನ ಅಶ್ವತ್ಥಪ್ಪ ಹಣೆ ಚಚ್ಚಿಕೊಂಡ.

"ಲೇ ಸುಭಾನ, ಒಂದು ಒಡೆದ್ರೆ ಪಕ್ಕದ ಹತ್ತಕ್ಕೆ ಕರೆ ಅಂಟ್ತದೆ ಕಣೋ. ನಿನ್ನ ಮಿಷನ್ನು ಎತ್ಕೊಂಡ್ ಹೋಗು."

ಸುಭಾನ್ ಮುಳಬಾಗಿಲಿನಲ್ಲಿ ಮಿಕ್ಸಿ ರಿಪೇರಿ ಮಾಡುವವನು. ಗುಜರಿಯ ವಾಷಿಂಗ್ ಮಷೀನಿನ ಮೋಟರು, ಸೈಕಲ್ ಟ್ಯೂಬಿನ ರಬ್ಬರು ಸೇರಿಸಿ, ಹುಳು ಗೂಡು ಕಟ್ಟುವ ಪ್ಲಾಸ್ಟಿಕ್ ಹಾಳೆಯಿಂದ ಗೂಡು ಬಿಡಿಸುವ ಯಂತ್ರ ಮಾಡಿದ್ದ. ಪೇಟೆಯ ಯಂತ್ರದ ಕಾಲು ಭಾಗ ಖರ್ಚೂ ಆಗಿರಲಿಲ್ಲ. ಇವತ್ತು ಓಡಿದರೆ ದೇವರಾಯಸಮುದ್ರದ ಸುತ್ತಲಿನ ಹುಳುಮನೆಯವರೆಲ್ಲ ಅವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಓಡದಿದ್ದರೆ, ಗೋಡೆಗೆ ಒರಗಿ ಕುಳಿತಿದ್ದ ಎಂಟು ಹೆಂಗಸರಿಗೆ ಕೂಲಿ ಉಳಿಯುತ್ತಿತ್ತು. ನೂಲು ಕೊಯ್ಯದಂತೆ ಬೆರಳಿಗೆ ಬಟ್ಟೆಚೂರು ಸುತ್ತಿಕೊಂಡು ಪ್ರತಿ ಬೆಳೆಗೂ ಗೂಡು ಬಿಡಿಸುತ್ತಿದ್ದವರು ಅವರೇ. ಅವರಲ್ಲಿ ಹಿರಿಯಳು ಬೈರಮ್ಮ. ಮೂವತ್ತು ವರ್ಷದಲ್ಲಿ ಒಂದು ಗೂಡನ್ನೂ ಒಡೆದವಳಲ್ಲ. ಯಂತ್ರದ ತಪ್ಪು ಅವಳಿಗೆ ಮೂರನೆಯ ಗೂಡಿಗೇ ತಿಳಿದುಹೋಗಿತ್ತು.

"ಊರ್ಕೋ ಅಕ್ಕಾ, ಸುಮ್ಕಿರು," ಎಂದು ಪಕ್ಕದ ಚಿಕ್ಕಗಂಗಮ್ಮ ಅವಳ ಮೊಣಕಾಲು ಒತ್ತಿದಳು. "ಬಾಯಿ ಬಿಟ್ರೆ ನಮ್ಮ ಅನ್ನಕ್ಕೆ ನಾವೇ ಮಣ್ಣು ಹಾಕ್ಕೊಂಡಂಗೆ."

ಬೈರಮ್ಮ ಹಲ್ಲು ಕಚ್ಚಿ ಕುಳಿತಳು. ಎಂಟನೆಯದೂ ಒಡೆಯಿತು. ಒಂಬತ್ತನೆಯದು ದಪ್ಪ ಗೂಡು, ಇಡೀ ಬೆಳೆಯಲ್ಲೇ ಅಂಥದ್ದು ಇನ್ನೊಂದಿರಲಿಲ್ಲ. ಅದು ರಬ್ಬರಿನ ಬಾಯಿಗೆ ಹೋಗುವುದನ್ನು ಅವಳಿಂದ ನೋಡಲಾಗಲಿಲ್ಲ.

"ನಿಲ್ಸೋ!" ಎದ್ದೇಬಿಟ್ಟಳು. "ಮುಂದಿಂದ ಯಾಕೆ ಎಳೀತೀಯ? ಹಾಳೆ ತಿರುಗ್ಸಿ ಹಾಕು, ಹಿಂದಿಂದ ತಳ್ಳು. ತಾನಾಗೇ ಉದುರ್ತದೆ."

ಸುಭಾನ್ ರಬ್ಬರು ಸಡಿಲಿಸಿ ಹಾಳೆ ತಿರುಗಿಸಿದ. ಗೂಡುಗಳು ಪಟಪಟನೆ ಬುಟ್ಟಿಗೆ ಉದುರಿದವು. ಒಂದೂ ನಲುಗಲಿಲ್ಲ.

"ಬೈರಕ್ಕ, ನೀನೇ ನನ್ನ ಉಸ್ತಾದ್!"

ಅವಳಿಗೂ ನಗು ಬಂತು, ಹೆಮ್ಮೆಯ ನಗು. ತಿರುಗಿ ನೋಡಿದರೆ ಚಿಕ್ಕಗಂಗಮ್ಮ ಆಗಲೇ ಬೆರಳಿನ ಬಟ್ಟೆ ಬಿಚ್ಚುತ್ತಿದ್ದಳು.

ಮುಂದಿನ ಬೆಳೆಗೆ ಯಾರೂ ಕರೆಯಲು ಬರಲಿಲ್ಲ. ಆದರೂ ಬೈರಮ್ಮ ಬೆಳಿಗ್ಗೆಯೇ ಬೆರಳಿಗೆ ಬಟ್ಟೆ ಸುತ್ತಿಕೊಂಡು ತನ್ನ ಮನೆಯ ಬಾಗಿಲಲ್ಲಿ ಕುಳಿತಳು. ಮಾಲೂರಿನ ಇಟ್ಟಿಗೆ ಕೆಲಸಕ್ಕೆ ಗಂಟು ಕಟ್ಟಿಕೊಂಡು ಹೊರಟಿದ್ದ ಚಿಕ್ಕಗಂಗಮ್ಮ ಇವಳತ್ತ ನೋಡದೆ ದಾಟಿಹೋದಳು.

ಅಶ್ವತ್ಥಪ್ಪನ ಹುಳುಮನೆಯಿಂದ ಯಂತ್ರದ ಸದ್ದು, ಗೂಡುಗಳು ಪಟಪಟನೆ ಉದುರುವ ಸದ್ದು ಬರುತ್ತಿತ್ತು. ಬೈರಮ್ಮ ಕಿವಿಗೊಟ್ಟು ಕೇಳಿದಳು. ಒಂದು ಗೂಡೂ ಒಡೆಯುತ್ತಿರಲಿಲ್ಲ.