ಗೆರೆಯ ಮೇಲೆ ನಿಲ್ಲಿಸಿದವನು

ವಾಚಕ ಮಹಾಶಯರೇ, ಬರಿಗೈ ಗುದ್ದಾಟದ ಮೊದಲ ಕಟ್ಟಳೆ ಹುಟ್ಟಿದ್ದು ಒಂದು ಸಾವಿನ ಬೆನ್ನಿಗೆ ಎಂಬುದನ್ನು ತಾವು ಚಿತ್ತವಿಟ್ಟು ಆಲಿಸಬೇಕಾಗಿ ವಿನಂತಿ. ಇನ್ನೂರ ಎಂಬತ್ತು ವರ್ಷಗಳಾಚೆ ಲಂಡನ್ನಿನಲ್ಲಿ ಬ್ರೌಟನ್ ಎಂಬ ಜಟ್ಟಿಯೊಡನೆ ಸೆಣಸಿದವನು ಕೆಲವೇ ವಾರಗಳಲ್ಲಿ ಸತ್ತನಂತೆ. ಆಮೇಲೆ ಬ್ರೌಟನ್ ಬರೆದ: ಬಿದ್ದವನನ್ನು ಹೊಡೆಯಕೂಡದು; ಅರ್ಧ ನಿಮಿಷದೊಳಗೆ ಅವನ ಕಡೆಯವರು ಅವನನ್ನು ಕಣದ ನಡುವಿನ ಗೆರೆಗೆ ತಂದು ನಿಲ್ಲಿಸದಿದ್ದರೆ ಅವನು ಸೋತಂತೆ, ಆಟ ಮುಗಿಯಿತು.

ಹೊನ್ನಾಳಿಯ ಗರಡಿಯ ಉಸ್ತಾದ್ ಬೀರಲಿಂಗಪ್ಪ ಇದನ್ನು ಹಳೆಯ ಪುಸ್ತಕವೊಂದರಲ್ಲಿ ಓದಿ, ಅಖಾಡದ ಕೆಮ್ಮಣ್ಣಿನ ನಡುವೆ ಸುಣ್ಣದ ಗೆರೆ ಎಳೆಸಿ ಗುದ್ದಾಟವನ್ನೂ ಶುರುಮಾಡಿಸಿದ್ದ. ಕುಸ್ತಿಯಲ್ಲಿ ಬೆನ್ನು ನೆಲ ಮುಟ್ಟಿದರೆ ಮುಗಿಯಿತು; ಇಲ್ಲಿ ಬಿದ್ದವನಿಗೂ ಮರುಜೀವ! ಜೀವಮಾನವೆಲ್ಲ ಕುಸ್ತಿ ಆಡಿದವನಿಗೆ ಹಿಡಿಸಿದ್ದು ಅದೊಂದೇ. ಸೋತು ಬದುಕಲೂ ಅದರಲ್ಲಿ ದಾರಿಯಿದೆ ಎಂಬುದು ಕಣ್ಣಿಗೆ ಬೀಳಲಿಲ್ಲ.

ಜಗಳೂರು ಕಡೆಯ ಶಿಷ್ಯ ಭೀಮೇಶ್ ಬೇರೆ ಗರಡಿಯವನೊಡನೆ ಗುದ್ದಾಡುತ್ತ ಆ ಗೆರೆಯ ಬಳಿ ಎರಡು ಸಲ ಬಿದ್ದ. ಮೂರನೆಯ ದಿನ ತೀರಿಕೊಂಡ.

ತಿಂಗಳು ಕಳೆದ ಮೇಲೆ ತಾಯಿ ಅಂಜಿನಮ್ಮ ಗರಡಿಗೆ ಬಂದಳು. ಕಂಕುಳಲ್ಲಿ ಕಟ್ಟು ಹಾಕಿಸಿದ ಫೋಟೊ: ಯಾರೋ ಮೊಬೈಲಿನಲ್ಲಿ ಹಿಡಿದದ್ದು, ಗೆರೆಯ ಮೇಲೆ ನಿಂತ ಭೀಮೇಶ್.

"ಇದನ್ನ ಹನುಮಪ್ಪನ ಪಕ್ಕ ಹಾಕ್ರಿ ಉಸ್ತಾದ್ರೆ. ಇಲಿ ಕಂಡ್ರೆ ಮಂಚ ಹತ್ತೋನು ನನ್ನ ಮಗ, ಬಿದ್ರೂ ಎದ್ದು ನಿಂತಾನೆ ನೋಡ್ರಿ! ಊರಿಗೆಲ್ಲಾ ತೋರ್ಸೀನಿ."

ಹಿರಿಯ ಪೈಲ್ವಾನ ಜಯಪ್ಪ ಮೊಳೆ ಹುಡುಕುತ್ತ, "ಉಸ್ತಾದ್ರ ಫೋಟೊಕ್ಕಿಂತ ಮ್ಯಾಲೇ ಹೊಡೀತೀನಿ ಬಿಡವ್ವ, ಅವರ ಹೊಟ್ಟೆ ಉರೀಲಿ" ಎಂದ.

ಬೀರಲಿಂಗಪ್ಪ ನಗಲಿಲ್ಲ. ಫೋಟೊದಲ್ಲಿ ಭೀಮೇಶನ ಸೊಂಟದ ಹತ್ತಿರ ನಾಲ್ಕು ಬೆರಳುಗಳು ಕಾಣುತ್ತಿದ್ದವು. ತನ್ನವು. ಸುಮ್ಮನಿದ್ದರೆ ಅವಕ್ಕೂ ನಿತ್ಯ ಊದಿನಕಡ್ಡಿ ಬೆಳಗಬೇಕು. ಹೇಳಿದರೆ ಈ ತಾಯಿಗೆ ಉಳಿದಿರುವ ಒಂದೇ ಸಮಾಧಾನವೂ ಹೋಗುತ್ತದೆ.

"ತಡಿ ಜಯಪ್ಪ. ಅಂಜಿನವ್ವ, ಅವನು ತಾನಾಗಿ ಏಳಲಿಲ್ಲ. 'ಸಾಕ್ರೀ ಉಸ್ತಾದ್, ಕಣ್ಣು ಕತ್ಲೆ ಬರ್ತೈತೆ' ಅಂದ. ಗರಡಿ ಮಾನ ಹೋಗ್ತೈತೆ ಅಂತ ನಾನೇ ಎತ್ತಿ ನಿಲ್ಲಿಸಿದೆ. ಇವು ನನ್ನ ಬೆರಳು."

ಅವಳು ಗಾಜಿನ ಮೇಲೆ ಆ ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು.

"ಸಾಕು ಅಂದ್ನಾ?"

"ಹೂನವ್ವ."

"ಮನ್ಯಾಗೆ ಅವನು ಸಾಕು ಅಂದ್ರೆ, ನಾನು ಇನ್ನೊಂದು ರೊಟ್ಟಿನೂ ಹಾಕ್ತಿರ್ಲಿಲ್ಲ."

ಫೋಟೊವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೊರಟುಹೋದಳು. ಬೈಯಲಿಲ್ಲ. ಬೈದಿದ್ದರೆ ಬೀರಲಿಂಗಪ್ಪ ಅಲ್ಲಿಯೇ ಉಳಿಯುತ್ತಿದ್ದನೇನೋ.

ಎರಡು ಪಂಚೆ, ಒಂದು ಚಾದರವನ್ನು ಚೀಲಕ್ಕೆ ತುರುಕಿ, ಗರಡಿಯ ಬೀಗದ ಕೈಯನ್ನು ಜಯಪ್ಪನ ಅಂಗೈಯಲ್ಲಿಟ್ಟ.

"ಎಲ್ಲಿಗ್ರೀ ಉಸ್ತಾದ್?"

"ಉಸ್ತಾದ್ ಅನ್ಬ್ಯಾಡ ಇನ್ನ."

ರಸ್ತೆಗೆ ಮೊದಲು ಬಂದದ್ದು ನ್ಯಾಮತಿಯ ಬಸ್ಸು. ಬೀರಲಿಂಗಪ್ಪ ಹತ್ತಿದ.