ಕೋಳಿ ಗಡಿಯಾರದ ವಾಪಸಾತಿ

ಆ ಬೀದಿಯಲ್ಲಿ ಗಡಿಯಾರ ರಿಪೇರಿ ಮಾಡುವವನನ್ನು ಎಲ್ಲರೂ ಮುಳ್ಳಣ್ಣ ಎಂದೇ ಕರೆಯುತ್ತಿದ್ದರು. ಗಡಿಯಾರದ ಮುಳ್ಳು ನೋಡಿ ಇಟ್ಟ ಹೆಸರೋ, ಅವನ ಮಾತಿನ ಮುಳ್ಳು ಚುಚ್ಚಿಸಿಕೊಂಡವರು ಇಟ್ಟ ಹೆಸರೋ ಹೇಳುವುದು ಕಷ್ಟ. ಗಿರಾಕಿ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರೆ ಸಾಕು, "ಇದನ್ನ ಕಟ್ಕೊಂಡು ಸ್ನಾನ ಮಾಡಿದ್ರಾ, ಇಲ್ಲಾ ಇದಕ್ಕೇ ಸೋಪು ಹಚ್ಚಿ ಸ್ನಾನ ಮಾಡಿಸಿದ್ರಾ?" ಎಂದು ಶುರು ಹಚ್ಚಿಕೊಳ್ಳುತ್ತಿದ್ದ. ಬೈಸಿಕೊಂಡವರೇ ಮತ್ತೆ ಮತ್ತೆ ಬರುತ್ತಿದ್ದರು. ಏಕೆಂದರೆ ಅವನ ಅಂಗಡಿಯಿಂದ ಹೊರಬಿದ್ದ ಗಡಿಯಾರ ಒಂದು ನಿಮಿಷವೂ ಆಚೀಚೆ ಆದದ್ದಿಲ್ಲ.

ಇಂಥವನು ಈಗೀಗ ಒಬ್ಬರಿಗೆ ಮಾತ್ರ ಹೆದರುತ್ತಿದ್ದ. ಅವನ ಅಕ್ಕನಿಗೆ.

ನಾಲ್ಕು ವರ್ಷದ ಹಿಂದೆ ಅಕ್ಕನ ಮಗಳ ಮದುವೆ ನಡೆದಾಗ, ಮದುವೆ ಛತ್ರದ ಗೋಡೆಯ ಗಡಿಯಾರ ಹನ್ನೊಂದು ನಿಮಿಷ ಹಿಂದೆ ಓಡುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಊಟ ಮಾಡಿ ಕೈ ತೊಳೆದು ಹೋಗುತ್ತಿದ್ದರು. ಮುಳ್ಳಣ್ಣ ಏಣಿ ತರಿಸಿದ. ಅವನು ಮೇಲೆ ಹತ್ತಿ ಗಡಿಯಾರದ ಹೊಟ್ಟೆ ಬಿಚ್ಚಿದ್ದ ಹೊತ್ತಿಗೇ ಕೆಳಗೆ ಮನೆಯವರೆಲ್ಲರ ಫೋಟೋ ತೆಗೆದರು. ಫೋಟೋದಲ್ಲಿ ಎಲ್ಲರ ಮುಖವೂ ಇದೆ, ಮದುಮಗಳ ಸೋದರಮಾವನ ಎರಡು ಪಾದ ಮಾತ್ರ ಇದೆ. ಅಕ್ಕ ಎಲ್ಲರೆದುರು ತರಾಟೆಗೆ ತೆಗೆದುಕೊಂಡಳು. ಇವನು, "ಟೈಮೇ ಸರಿಯಿಲ್ಲದ ಛತ್ರದಲ್ಲಿ ಮದುವೆ ಮಾಡೋಳಿಗೆ ಫೋಟೋ ಬೇರೆ ಕೇಡು!" ಎಂದುಬಿಟ್ಟ. ಅಲ್ಲಿಗೆ ಇಬ್ಬರ ಮಾತುಕತೆಗೆ ಬೀಗ ಬಿತ್ತು.

ಹೋದ ತಿಂಗಳು ಒಂದು ಆಸ್ಪತ್ರೆಯಲ್ಲಿ, ಯಾರೋ ನೆಂಟರನ್ನು ನೋಡಲು ಹೋದಾಗ, ಅಕ್ಕ ತಮ್ಮ ಎದುರುಬದುರಾದರು. ಅಕ್ಕನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅದನ್ನು ನೋಡಿ ಮುಳ್ಳಣ್ಣನ ಕರುಳು ಚುರ್ ಎಂದಿತು. ಮಾತು ಮತ್ತೆ ಶುರುವಾಯಿತು. ಮನೆಗೆ ಬಂದ ಮೇಲೆ ಹೆಂಡತಿ ಕಟ್ಟುನಿಟ್ಟಾಗಿ ಹೇಳಿದಳು: "ನೋಡಿ, ಇನ್ನು ನಿಮ್ಮ ಬಾಯಿ ನಿಮ್ಮ ಹಿಡಿತದಲ್ಲಿರಲಿ. ಅತ್ತಿಗೆ ಏನು ಹೇಳಿದ್ರೂ ಹೂಂ ಅನ್ನಿ. ಏನು ಕೊಟ್ರೂ ಚೆನ್ನಾಗಿದೆ ಅನ್ನಿ. ಇನ್ನೊಂದು ಸಲ ಕಳ್ಕೊಂಡ್ರೆ ಮತ್ತೆ ಸಿಗಲ್ಲ."

ಹೆಂಡತಿ ಹೇಳಿದ್ದು ಸರಿಯೇ ಎಂದು ಅವನಿಗೂ ಗೊತ್ತಿತ್ತು. ಅಕ್ಕ ಮತ್ತೆ ಮುನಿಸಿಕೊಂಡರೆ ತಾನು ತಡೆದುಕೊಳ್ಳಲಾರೆ ಎಂದು ಅವನಿಗೆ ನಿಜವಾಗಿಯೂ ಅನ್ನಿಸಿತ್ತು.

ಸರಿಯಾಗಿ ಆಗಲೇ ಕೋಳಿ ಬಂತು.

ಅಂಗಡಿ ತೆರೆದು ಇಪ್ಪತ್ತೈದು ವರ್ಷ ತುಂಬಿತೆಂದು ಅಕ್ಕ ಆನ್‌ಲೈನಿನಲ್ಲಿ ಕೊಂಡು ಕಳಿಸಿದ ಉಡುಗೊರೆ ಅದು. ಹುಂಜದ ಆಕಾರದ ಗೋಡೆ ಗಡಿಯಾರ. ಕೆಂಪು ಜುಟ್ಟು, ನೇರಳೆ ರೆಕ್ಕೆ, ಹೊಟ್ಟೆಯ ಜಾಗದಲ್ಲಿ ಅಂಕಿಗಳು. ಗಂಟೆಗೊಮ್ಮೆ ಅದು ಮೂರು ಸಲ ಕೂಗುತ್ತಿತ್ತು. ಆಮೇಲೆ ಚಪ್ಪಾಳೆ ಕೇಳಿಸುತ್ತಿತ್ತು. ಅದಾದ ಮೇಲೆ ಒಬ್ಬ ಹೆಂಗಸು ಉಕ್ಕುವ ಉತ್ಸಾಹದಲ್ಲಿ, "ಅಭಿನಂದನೆಗಳು! ಈಗ ಹತ್ತು ಗಂಟೆ!" ಎನ್ನುತ್ತಿದ್ದಳು. ಹತ್ತು ಗಂಟೆಯಾದದ್ದರಲ್ಲಿ ಮುಳ್ಳಣ್ಣನ ಸಾಧನೆ ಏನಿತ್ತೋ ಆ ಪುಣ್ಯಾತ್ಗಿತ್ತಿಗೇ ಗೊತ್ತು.

ಮುಳ್ಳಣ್ಣನ ಕೆಲಸವೆಲ್ಲ ಕಿವಿಯಲ್ಲೇ. ಗಡಿಯಾರವನ್ನು ಕಿವಿಗಿಟ್ಟುಕೊಂಡು, ಉಸಿರು ಬಿಗಿಹಿಡಿದು, ಯಾವ ಚಕ್ರದ ಹಲ್ಲು ಎಲ್ಲಿ ಎಡವುತ್ತಿದೆ ಎಂದು ಆಲಿಸಬೇಕು. ಅಂಥ ಹೊತ್ತಿನಲ್ಲಿ ತಲೆಯ ಮೇಲೆ ಕೋಳಿ ಕೂಗಿದರೆ? ಮೊದಲ ದಿನವೇ ಚಿಮುಟದಿಂದ ಹಾರಿದ ಒಂದು ಸ್ಕ್ರೂ ಗಿರಾಕಿಯ ಕಾಫಿ ಲೋಟಕ್ಕೆ ಬಿತ್ತು. ಅವರು ಕುಡಿದೂಬಿಟ್ಟರು.

ಬ್ಯಾಟರಿ ಕಿತ್ತಿಡೋಣವೆಂದರೆ ಅದಕ್ಕೂ ದಾರಿಯಿರಲಿಲ್ಲ. ದಿನವೂ ಹನ್ನೊಂದಕ್ಕೆ ಸರಿಯಾಗಿ ಅಕ್ಕ ವಿಡಿಯೋ ಕಾಲ್ ಮಾಡುತ್ತಿದ್ದಳು.

"ಕೋಳಿ ಕೂಗ್ತಾ?"

"ಕೂಗ್ತು ಅಕ್ಕ."

"ಹೇಗಿದೆ?"

"ಚೆನ್ನಾಗಿದೆ ಅಕ್ಕ. ತುಂಬಾ ಚೆನ್ನಾಗಿದೆ."

ಅಕ್ಕ ಸಪ್ಪಗೆ, "ಹೌದಾ, ಸರಿ ಹಾಗಾದ್ರೆ" ಎಂದು ಫೋನ್ ಇಡುತ್ತಿದ್ದಳು. ಮುಳ್ಳಣ್ಣ ಹಲ್ಲು ಕಚ್ಚಿಕೊಂಡು ಮುಂದಿನ ಅಭಿನಂದನೆಗೆ ಕಾಯುತ್ತಿದ್ದ.

ಏಳನೆಯ ದಿನ ಅವನು ಗ್ರಾಹಕರಿಗೆ ಉಚಿತವಾಗಿ ಸಲಹೆ ಕೊಡುವ ಕಚೇರಿಯ ಮೆಟ್ಟಿಲು ಹತ್ತಿದ. ಮೇಜಿನ ಹಿಂದೆ ಕನ್ನಡಕ ಹಾಕಿದ ಸಲಹೆಗಾರ್ತಿ ಕೂತಿದ್ದರು. ಎದುರಿಗೆ, ಎಲ್ಲರ ಜಗಳವನ್ನೂ ಹೊತ್ತು ಹೊತ್ತು ಒಂದು ಕಾಲು ಸೊಟ್ಟಗಾದ ಪ್ಲಾಸ್ಟಿಕ್ ಕುರ್ಚಿ. ಅವರು ಗಡಿಯಾರ ಮಾರಿದ ಕಂಪನಿಯ ಷರತ್ತುಗಳನ್ನು ಮುಳ್ಳಣ್ಣನ ಫೋನಿನಲ್ಲೇ ಓದಿ ಮುಗಿಸಿ ಕೇಳಿದರು, "ಕೊಂಡವರು ಯಾರು?"

"ನನ್ನಕ್ಕ."

"ಹಾಗಾದ್ರೆ ಹಕ್ಕು ನಿಮ್ಮಕ್ಕನದು. ತಲುಪಿದ ಹತ್ತು ದಿನದೊಳಗೆ ಅವರು ವಾಪಸ್ ಕೊಡಬಹುದು. ಕಾರಣಾನೂ ಹೇಳಬೇಕಾಗಿಲ್ಲ."

"ಅವರು ಯಾಕೆ ಕೊಡ್ತಾರಮ್ಮ? ಅದು ಕೂಗೋದು ನನ್ನ ಕಿವಿಯಲ್ಲಿ!"

"ಕಿವಿ ನಿಮ್ಮದು, ಒಪ್ಕೋತೀನಿ. ಹಕ್ಕು ಅಕ್ಕನದು."

"ಅವರಿಗೆ ಗೊತ್ತಾಗದ ಹಾಗೆ ಏನಾದ್ರೂ ದಾರಿ ಇದ್ರೆ ಹೇಳಿ. ಗೊತ್ತಾದ್ರೆ ನನ್ನ ಕಥೆ ಮುಗೀತು."

ಸಲಹೆಗಾರ್ತಿ ಮತ್ತೆ ಓದಿದರು. "ಡಬ್ಬಿಯಲ್ಲಿ ಉಡುಗೊರೆ ಚೀಟಿ ಅಂತ ಒಂದಿರುತ್ತೆ. ಅದರ ನಂಬರ್ ಹಾಕಿ ನೀವೇ ವಾಪಸ್ ಕೇಳಬಹುದು. ಆದ್ರೆ ಆ ದಾರಿ ವಸ್ತುವಿನಲ್ಲಿ ದೋಷ ಇದ್ರೆ ಮಾತ್ರ. ಇಷ್ಟ ಆಗಲಿಲ್ಲ ಅನ್ನೋದು ದೋಷ ಅಲ್ಲ. ಏನಾದ್ರೂ ಕೆಟ್ಟಿದೆಯಾ?"

ಮುಳ್ಳಣ್ಣನ ಮುಖ ಅರಳಿತು. "ಕೆಟ್ಟಿದೆಯಾ ಅಂತೀರಾ? ದಿನಕ್ಕೆ ನಾಲ್ಕು ನಿಮಿಷ ಹಿಂದೆ ಬೀಳುತ್ತೆ! ಬಂದ ದಿನದಿಂದ ನೋಡ್ತಾ ಇದೀನಿ!"

"ಹಾಗಾದ್ರೆ ಅದನ್ನೇ ಬರೀರಿ."

ಬರೆದ. ಹತ್ತನೆಯ ದಿನ, ಅಂದರೆ ಕೊನೆಯ ದಿನ, ಬೆಳಿಗ್ಗೆ ಹತ್ತೂವರೆಗೆ ಬಂದು ಪರೀಕ್ಷಿಸಿ ಒಯ್ಯುತ್ತೇವೆ ಎಂದು ಉತ್ತರ ಬಂತು. ಮುಳ್ಳಣ್ಣ ಆ ಸಂಜೆ ಹಗುರಾಗಿ ಸಿಳ್ಳೆ ಹಾಕುತ್ತಾ ಮನೆಗೆ ಹೋದ.

ಅಷ್ಟಕ್ಕೇ ಬಿಟ್ಟಿದ್ದರೆ ಅವನು ಮುಳ್ಳಣ್ಣ ಹೇಗಾಗುತ್ತಿದ್ದ? ಒಂಬತ್ತನೆಯ ದಿನ ಮಧ್ಯಾಹ್ನ ಗಡಿಯಾರವನ್ನು ಡಬ್ಬಿಗೆ ಹಾಕಲೆಂದು ಗೋಡೆಯಿಂದ ಇಳಿಸಿದ. ಮೇಜಿನ ಮೇಲಿಟ್ಟ. ನಾಲ್ಕು ನಿಮಿಷ. ಇಪ್ಪತ್ತೈದು ವರ್ಷದಲ್ಲಿ ಇಂಥದೊಂದು ಸೋಮಾರಿ ಗಡಿಯಾರ ಈ ಅಂಗಡಿಯ ಹೊಸ್ತಿಲು ದಾಟಿ ಹೊರಗೆ ಹೋದದ್ದಿಲ್ಲ. ಯಾಕೆ ಹಿಂದೆ ಬೀಳುತ್ತೆ ಎಂದು ಸುಮ್ಮನೆ ನೋಡೋಣ, ಮುಟ್ಟುವುದು ಬೇಡ ಎಂದುಕೊಂಡ. ನೋಡಬೇಕಾದರೆ ಬಿಚ್ಚಬೇಕು, ಬಿಚ್ಚಿದ. ನೇರಳೆ ರೆಕ್ಕೆಯ ತುದಿ ನಿಮಿಷದ ಮುಳ್ಳಿಗೆ ತಾಗುತ್ತಿತ್ತು. ಅಷ್ಟೇ! ಇಷ್ಟು ಚಿಕ್ಕ ವಿಷಯಕ್ಕೆ ಒಂದು ಗಡಿಯಾರ ಹೆಸರು ಕೆಡಿಸಿಕೊಳ್ಳುವುದೇ?

ಊಟದ ಡಬ್ಬಿ ತಂದ ಹೆಂಡತಿ ಬಾಗಿಲಲ್ಲೇ ನಿಂತಳು. "ಏನ್ರೀ ಮಾಡ್ತಾ ಇದೀರಿ?"

"ಏನಿಲ್ಲ ಕಣೇ. ರೆಕ್ಕೆ ಸ್ವಲ್ಪ ಉಜ್ಜಿದೆ. ಈಗ ನೋಡು, ಒಂದು ಸೆಕೆಂಡೂ ಆಚೀಚೆ ಇಲ್ಲ."

"ಕೆಟ್ಟಿದೆ ಅಂತ ಬರೆದು ಕಳಿಸಿದ್ದೀರಲ್ಲ!"

ಮುಳ್ಳಣ್ಣನ ಕೈಯಲ್ಲಿದ್ದ ಅರ ಹಾಗೇ ನಿಂತಿತು. ಹೆಂಡತಿ ಹಣೆ ಹಣೆ ಚಚ್ಚಿಕೊಂಡಳು. ಮತ್ತೆ ಕೆಡಿಸಿಬಿಡಿ ಎಂದಳು. ಅವನು ಸ್ಕ್ರೂ ಡ್ರೈವರ್ ಎತ್ತಿದ, ಇಳಿಸಿದ, ಮತ್ತೆ ಎತ್ತಿದ. ಓಡುವ ಗಡಿಯಾರವನ್ನು ಬೇಕೆಂದೇ ಕೆಡಿಸಲು ಆ ಕೈ ಒಪ್ಪಲೇ ಇಲ್ಲ.

ಮರುದಿನ ಹತ್ತೂವರೆಗೆ ಕಂಪನಿಯವನು ಬಂದ. ಬೆವರೊರೆಸಿಕೊಂಡು, ಫೋನಿನಲ್ಲಿದ್ದ ಪಟ್ಟಿ ನೋಡುತ್ತಾ, ಗಡಿಯಾರವನ್ನು ಹಿಂದೆ ಮುಂದೆ ತಿರುಗಿಸಿದ. ತನ್ನ ಫೋನಿನ ಟೈಮಿನ ಪಕ್ಕ ಹಿಡಿದು ನೋಡಿದ.

"ಸರ್, ದಿನಕ್ಕೆ ನಾಲ್ಕು ನಿಮಿಷ ಹಿಂದೆ ಅಂತ ಬರೆದಿದ್ದೀರಿ. ಕರೆಕ್ಟಾಗಿದೆಯಲ್ಲ."

"ನಿನ್ನೆ ತನಕ ಹಿಂದೆ ಇತ್ತಪ್ಪ."

"ಈಗ?"

"ಈಗ ನಾನು ರಿಪೇರಿ ಮಾಡಿದೀನಿ."

ಕಂಪನಿಯವನು ಫೋನಿನಿಂದ ತಲೆಯೆತ್ತಿ ಅವನ ಮುಖ ನೋಡಿದ. ದಿನಕ್ಕೆ ನಲವತ್ತು ಮನೆ ಹತ್ತಿ ಇಳಿಯುವವನು. ಕೆಡಿಸಿ ವಾಪಸ್ ಕೊಡುವವರನ್ನು ಬೇಕಾದಷ್ಟು ಕಂಡಿದ್ದ. ಸರಿಮಾಡಿ ವಾಪಸ್ ಕೊಡುವವನನ್ನು ಇದೇ ಮೊದಲು ಕಂಡದ್ದು. "ಏನು ಮಾಡೋಕಾಗಲ್ಲ ಸರ್, ದೋಷ ಇಲ್ಲ ಅಂತ ಹಾಕ್ಬೇಕು" ಎಂದು ಗುಂಡಿ ಒತ್ತಿದ. "ಕೊಂಡವರಿಗೂ ಒಂದು ಮೆಸೇಜ್ ಹೋಗುತ್ತೆ."

"ಯಾರಿಗೆ?!"

ಅಷ್ಟರಲ್ಲಿ ಮುಳ್ಳಣ್ಣನ ಫೋನ್ ಬಡಿದುಕೊಂಡಿತು. ಅಕ್ಕ. ಇನ್ನೂ ಹನ್ನೊಂದಾಗಿರಲಿಲ್ಲ. ಭೂಮಿ ಬಾಯಿ ಬಿಡಬಾರದೇ ಎಂದುಕೊಳ್ಳುತ್ತಾ ಎತ್ತಿದ. ಪರದೆಯ ತುಂಬ ಅಕ್ಕನ ಮುಖ, ಮೂಗಿನ ತುದಿಯಲ್ಲಿ ಕನ್ನಡಕ.

"ಏನೋ ಇದು? ನಿಮ್ಮ ಉಡುಗೊರೆ ವಾಪಸ್ ತಗೊಳ್ಳೋಕೆ ಆಗಲ್ಲ ಅಂತ ಬಂದಿದೆ. ವಾಪಸ್ ಕೊಡ್ತಾ ಇದ್ಯಾ?"

"ಅಯ್ಯೋ ಇಲ್ಲ ಅಕ್ಕ. ನೀವು ಕಳಿಸಿದ್ದನ್ನ ವಾಪಸ್ ಕೊಡ್ತೀನಾ? ಏನೋ ತಪ್ಪಾಗಿ... ಕೋಳಿ ತುಂಬಾ ಚೆನ್ನಾಗಿ..."

"ಇನ್ನೊಂದು ಸಲ ಚೆನ್ನಾಗಿದೆ ಅಂದ್ರೆ ಫೋನ್ ಇಟ್ಬಿಡ್ತೀನಿ ನೋಡು."

ಮುಳ್ಳಣ್ಣನಿಗೆ ದಿಕ್ಕೇ ತೋಚಲಿಲ್ಲ. ಸುಳ್ಳು ಹೇಳಿದರೆ ಅಕ್ಕ ಹೋಗುತ್ತಾಳೆ, ನಿಜ ಹೇಳಿದರೂ ಹೋಗುತ್ತಾಳೆ. ಹತ್ತು ದಿನದಿಂದ ಎದೆಯೊಳಗೆ ಅದುಮಿಟ್ಟಿದ್ದೆಲ್ಲ ಆಗ ಒಮ್ಮೆಲೇ ಕಟ್ಟೆಯೊಡೆಯಿತು.

"ಚೆನ್ನಾಗಿಲ್ಲ! ಸಾಕಾ? ದರಿದ್ರದ ಗಡಿಯಾರ! ಅದನ್ನ ಮಾಡಿದವನ ಕೈಗೆ ಲಕ್ವ ಹೊಡೀಲಿ! ಗಂಟೆಗೊಂದು ಸಲ ಅಭಿನಂದನೆಯಂತೆ, ನಾನೇನು ಎಲೆಕ್ಷನ್ ಗೆದ್ದಿದ್ದೀನಾ? ಗಿರಾಕಿಗೆ ಸ್ಕ್ರೂ ಕುಡಿಸಿದ್ದೀನಿ! ಕನಸಲ್ಲೂ ಚಪ್ಪಾಳೆ ಕೇಳ್ಸುತ್ತೆ! ಗಡಿಯಾರ ರಿಪೇರಿಯವನಿಗೆ ಕೋಳಿ ಕಳಿಸ್ತೀಯಲ್ಲ, ನಿನಗೆ ಬುದ್ಧಿ ನೆಟ್ಟಗಿದೆಯಾ ಅಕ್ಕ?"

ಕಂಪನಿಯವನು ಬಾಯಿ ತೆರೆದುಕೊಂಡು ನಿಂತಿದ್ದ. ಮುಳ್ಳಣ್ಣ ಕಣ್ಣು ಮುಚ್ಚಿದ. ಮುಗೀತು, ಕಳ್ಕೊಂಡೆ ಎಂದುಕೊಂಡ.

ಫೋನಿನಿಂದ ಏನೋ ಸದ್ದು ಬಂತು. ಅಳುತ್ತಿದ್ದಾಳೆಯೇ ಎಂದು ಕಣ್ಣು ತೆರೆದ. ಅಕ್ಕ ಬಿದ್ದು ಬಿದ್ದು ನಗುತ್ತಿದ್ದಳು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

"ಅಬ್ಬಾ! ಬಂದೆಯಲ್ಲೋ ಕಡೆಗೂ! ಆಸ್ಪತ್ರೇಲಿ ಸಿಕ್ಕಾಗಿಂದ ನೋಡ್ತಾ ಇದೀನಿ. ನನ್ನನ್ನ ನೀವು ಅಂತೀಯ, ಆಗಲಿ ಅಂತೀಯ, ಚೆನ್ನಾಗಿದೆ ಅಂತೀಯ. ಬ್ಯಾಂಕಿನವನು ಮಾತಾಡಿದ ಹಾಗೆ. ತಮ್ಮ ಸಿಕ್ಕ ಅಂತ ಖುಷಿಪಟ್ರೆ, ಸಿಕ್ಕಿದ್ದು ಯಾರೋ ಪರಕೀಯ. ನಾಲ್ಕು ವರ್ಷ ಮಾತು ಬಿಟ್ಟಿದ್ದಾಗ್ಲೂ ನನಗೆ ಇಷ್ಟು ಸಂಕಟ ಆಗಿರ್ಲಿಲ್ಲ."

"ಅಂದ್ರೆ..."

"ಅಂದ್ರೆ ಏನು? ಮೂರು ದಿನ ಕೂತು ಹುಡುಕಿದ್ದೀನಿ, ಆ ಕಂಪನಿಯಲ್ಲಿ ಎಲ್ಲಕ್ಕಿಂತ ಕೆಟ್ಟ ಗಡಿಯಾರ ಯಾವುದು ಅಂತ. ಇದನ್ನ ನೋಡಿದ ಮೇಲೂ ನನ್ನ ತಮ್ಮ ಬೈಯದೇ ಇರೋಕೆ ಸಾಧ್ಯಾನೇ ಇಲ್ಲ ಅಂದ್ಕೊಂಡೆ. ದಿನಾ ಹನ್ನೊಂದಕ್ಕೆ ಕಾಯ್ತಿದ್ದೆ ಕಣೋ."

ಮುಳ್ಳಣ್ಣನ ಮೂಗು ಸೊರ್ ಎಂದಿತು. ಅಂಗಿಯ ತೋಳಿನಲ್ಲಿ ಒರೆಸಿಕೊಂಡ.

ಕಂಪನಿಯವನು ಮೆಲ್ಲನೆ ಫೋನಿಗೆ ಮುಖ ತೋರಿಸಿದ. "ಅಮ್ಮಾ, ನೀವು ಕೊಂಡವರಲ್ವಾ? ಇವತ್ತು ಹತ್ತನೇ ದಿನ. ನೀವು ವಾಪಸ್ ಅಂತ ಒಂದು ಗುಂಡಿ ಒತ್ತಿದ್ರೆ ಕಾರಣಾನೂ ಬೇಡ, ನಾನು ಈಗ್ಲೇ ತಗೊಂಡು ಹೋಗ್ತೀನಿ."

"ಒತ್ತು ಅಕ್ಕ!" ಎಂದ ಮುಳ್ಳಣ್ಣ. "ಬೇಗ ಒತ್ತು!"

"ಹಕ್ಕು ಯಾರದಪ್ಪ?" ಎಂದು ಅಕ್ಕ ಕಂಪನಿಯವನನ್ನು ಕೇಳಿದಳು.

"ನಿಮ್ಮದೇ ಅಮ್ಮಾ."

"ಒತ್ತಲ್ಲ" ಎಂದಳು ಅಕ್ಕ.

ಮುಳ್ಳಣ್ಣ ಬಾಯಿಗೆ ಬಂದಂತೆ ಶುರು ಮಾಡಿದ. ಅವಳ ಬುದ್ಧಿ, ಅವಳ ಕನ್ನಡಕ, ಚಿಕ್ಕಂದಿನಲ್ಲಿ ಅವನ ಬಳಪ ಕದ್ದದ್ದು, ಯಾವುದನ್ನೂ ಬಿಡಲಿಲ್ಲ. ಕಂಪನಿಯವನು ಚೀಲ ಹೆಗಲಿಗೇರಿಸಿ ಮೆಲ್ಲನೆ ಜಾರಿಕೊಂಡ. ಒಂದು ಕಡೆ ಉಸಿರು ಕಟ್ಟಿ ಮುಳ್ಳಣ್ಣ ನಿಲ್ಲಿಸಿದಾಗ, ಆ ಕಡೆಯಿಂದ ಕುರ್ಚಿ ಎಳೆದುಕೊಂಡ ಸದ್ದು ಕೇಳಿಸಿತು. ಅಕ್ಕ ಕಾಲು ಚಾಚಿ ಆರಾಮಾಗಿ ಕೂತಳು.

"ಹೂಂ," ಎಂದಳು, "ಮುಂದಕ್ಕೆ ಹೇಳು."