ಶನಿವಾರದ ನಿದ್ದೆ

ಯುದ್ಧಕ್ಕೆ ಹೋಗುವ ಮುಂಚೆ ಆ ಕ್ಷೌರಿಕನಿಗೆ ಬೀದಿಯವರು ಇಟ್ಟಿದ್ದ ಹೆಸರು ರೇಡಿಯೊ. ಬಾಯಿಗೆ ಬೀಗವೇ ಇರಲಿಲ್ಲ ಮಹಾರಾಯನಿಗೆ. ಒಂದು ಗಡ್ಡ ಕೆರೆಯುವಷ್ಟರಲ್ಲಿ ಇಡೀ ಬೀದಿಯ ಜಾತಕ ಬಿಚ್ಚಿಡುತ್ತಿದ್ದ. ಕೆಲಸ ಮುಗಿದವರೂ ಮನೆಗೆ ಹೋಗದೆ ಬೆಂಚಿನ ಮೇಲೆ ಕೂತು ಕೇಳುತ್ತಿದ್ದರು.

ಮರಳಿ ಬಂದವನು ಬೇರೆಯೇ ಆಸಾಮಿ. “ತಲೆ ಎತ್ತಿ”, “ಆಯ್ತು”, ಇಷ್ಟೇ ಮಾತು. ಯುದ್ಧದಲ್ಲಿ ಅವನ ಕೈಯಲ್ಲಿ ಬಂದೂಕು ಇದ್ದದ್ದು ಬರೀ ಎರಡು ವಾರ. ಅವನ ಕಸುಬು ಮೇಲಿನವರಿಗೆ ಗೊತ್ತಾದ ಮೇಲೆ ಸತ್ತವರ ಗಡ್ಡ ತೆಗೆಯಲು ಹಚ್ಚಿದರು. ತಾಯಂದಿರು ನೋಡುವ ಮುಖ, ನೀಟಾಗಿರಬೇಕಂತೆ! ಮೂರು ವರ್ಷ ಅದನ್ನೇ ಮಾಡಿದ. ಗಡ್ಡ ತೆಗೆಯುವುದು, ಮುಖ ಒರೆಸುವುದು, ಬಿಳಿ ಬಟ್ಟೆಯನ್ನು ತಲೆಯವರೆಗೆ ಎಳೆಯುವುದು, ಮುಂದಿನವನ ಕಡೆ ತಿರುಗುವುದು. ಮೊದಮೊದಲು ಅವರೊಂದಿಗೂ ಹರಟುತ್ತಿದ್ದ. ಮಾತಿಗೆ ಮಾತು ಬಾರದಿದ್ದರೆ ಎಷ್ಟು ದಿನ ಹರಟುತ್ತಾನೆ, ಪಾಪ?

ಮಾತಿಲ್ಲದ ಕ್ಷೌರಿಕನ ಹತ್ತಿರ ಯಾರು ಬರುತ್ತಾರೆ? ಗಿರಾಕಿಗಳು ಒಬ್ಬೊಬ್ಬರೇ ಎದುರಿನ ಅಂಗಡಿಗೆ ಜಾರಿಕೊಂಡರು. ಹೆಂಡತಿಯೋ, ಅವನು ದೂರದಲ್ಲಿದ್ದಾಗಲೇ ತೀರಿಕೊಂಡಿದ್ದಳು. ಉಳಿದವನು ಅಂಚೆಯಣ್ಣ ಒಬ್ಬನೇ. ಯುದ್ಧಕಾಲದಲ್ಲಿ ಸಾವಿನ ತಂತಿಗಳನ್ನೆಲ್ಲ ಮನೆಮನೆಗೆ ಮುಟ್ಟಿಸಿದವನು ಅವನು. ಈಗಲೂ ಅವನನ್ನು ಕಂಡರೆ ಕೆಲವರು ಕದ ಹಾಕಿಕೊಳ್ಳುತ್ತಾರೆ. ಮನೆಯಲ್ಲಿ ಅವನಿಗೆ ರೆಪ್ಪೆಗೆ ರೆಪ್ಪೆ ಅಂಟುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ಚೀಲ ಇಳಿಸಿ ಆ ಕುರ್ಚಿಗೆ ಒರಗಿದರೆ ಮಾತ್ರ, ನೊರೆ ಹಚ್ಚುವಷ್ಟರಲ್ಲಿ ಗೊರಕೆ.

“ನಿನ್ನ ಅಂಗಡೀಲಿ ಮಾತ್ರ ಕಣೋ ನಂಗೆ ನಿದ್ದೆ ಬರೋದು. ನೀನು ಬಾಯಿ ಮುಚ್ಚಿದ್ದು ನನ್ನ ಪುಣ್ಯ,” ಅನ್ನುತ್ತಿದ್ದ.

ಆ ಗೊರಕೆ ಕೇಳುವುದಕ್ಕೇ ರೇಡಿಯೊ ವಾರವಿಡೀ ಕಾಯುತ್ತಿದ್ದ. ಅಂಗಡಿಯಲ್ಲಿ ಇನ್ನೊಂದು ಜೀವ ಇದೆ ಅನ್ನಿಸುತ್ತಿತ್ತು ಅವನಿಗೆ.

ಒಂದು ಶನಿವಾರ ಅಂಚೆಯಣ್ಣನಿಗೆ ಅದೆಷ್ಟು ಸುಸ್ತಾಗಿತ್ತೋ, ಗೊರಕೆಯೂ ಇಲ್ಲದ ನಿದ್ದೆ ಬಂತು. ರೇಡಿಯೊ ಗಡ್ಡ ತೆಗೆದ. ಮುಖ ಒರೆಸಿದ. ಕೊರಳಿಗೆ ಸುತ್ತಿದ್ದ ಬಿಳಿ ಬಟ್ಟೆಯನ್ನು ಮೆಲ್ಲಗೆ ತಲೆಯವರೆಗೆ ಎಳೆದ. ಕತ್ತಿ ತೊಳೆದು ಮುಂದಿನವನ ಕಡೆ ತಿರುಗಿದ. ಅಲ್ಲಿದ್ದದ್ದು ಖಾಲಿ ಬೆಂಚು.

ಹಿಂದಿನಿಂದ ಒಂದು ಕೂಗು! ಅಂಚೆಯಣ್ಣ ಕೈಕಾಲು ಬಡಿದು ಬಟ್ಟೆಯೊಳಗಿಂದ ಎದ್ದ. ನೊರೆಯ ಬಟ್ಟಲು ನೆಲಕ್ಕೆ. ಬಟ್ಟೆಯನ್ನು ನೋಡಿದ, ರೇಡಿಯೊನ ಮುಖ ನೋಡಿದ. ಅಷ್ಟೊಂದು ತಂತಿ ಹಂಚಿದವನಿಗೆ ಬಿಡಿಸಿ ಹೇಳಬೇಕೇ?

“ಅಣ್ಣಾ, ಗೊತ್ತಾಗ್ಲಿಲ್ಲ... ಕೈ ತಾನಾಗೇ...”

“ಇರ್ಲಿ ಬಿಡಪ್ಪ, ಏನಾಯ್ತು ಈಗ?” ಎಂದ ಅಂಚೆಯಣ್ಣ. ದುಡ್ಡು ಕೊಡುವುದನ್ನೂ ಮರೆತು ಚೀಲ ಹೆಗಲಿಗೇರಿಸಿ ಹೊರಟ.

ಆ ವಾರವೆಲ್ಲ ರೇಡಿಯೊಗೆ ಒಂದೇ ಚಿಂತೆ, ಬರ್ತಾನೋ ಇಲ್ಲವೋ. ಇದ್ದ ಬಿಳಿ ಬಟ್ಟೆಗಳನ್ನೆಲ್ಲ ಒಲೆಗೆ ತುರುಕಿದ. ಪೇಟೆಯೆಲ್ಲ ಸುತ್ತಿ, ಹಳದಿ ಹೂಗಳಿದ್ದ ನೀಲಿ ಬಟ್ಟೆ ತಂದು ಅಂಚು ಹೊಲಿದ.

ಬಂದ, ಪುಣ್ಯಾತ್ಮ! ಸರಿಯಾಗಿ ಅದೇ ಹೊತ್ತಿಗೆ.

“ಓಹೋ, ನನ್ನನ್ನೇನು ಮದುಮಗ ಮಾಡ್ತೀಯಾ?” ಎಂದು ನಕ್ಕ ಕೂಡ. ರೇಡಿಯೊಗೆ ಹೋದ ಜೀವ ಬಂದಂತಾಯಿತು. ನೊರೆ ಹಚ್ಚಿದ, ಗೊರಕೆಗೆ ಕಾದ. ಬರಲಿಲ್ಲ. ಕನ್ನಡಿ ನೋಡಿದರೆ ಅಂಚೆಯಣ್ಣನ ಕಣ್ಣೆರಡೂ ತೆರೆದೇ ಇದ್ದವು. ಅವು ರೇಡಿಯೊನ ಕೈಗಳನ್ನೇ ನೋಡುತ್ತಿದ್ದವು.

“ಮಲಗಣ್ಣ.”

“ಯಾಕೋ ನಿದ್ದೆ ಬರ್ತಿಲ್ಲ ಕಣೋ.”

“ಹಾಗಾದ್ರೆ... ಏನಾದ್ರೂ ಮಾತಾಡ್ಲಾ?”

“ಆಡು, ಆಡು. ಒಳ್ಳೇದಾಯ್ತು.”

ರೇಡಿಯೊ ಬಾಯಿ ತೆರೆದ. ಏನು ಹೇಳುವುದು? ಮೂರು ವರ್ಷ ಕಂಡ ಮುಖಗಳ ಹೊರತು ಅವನ ಬಳಿ ಬೇರೆ ಸುದ್ದಿಯೇ ಇರಲಿಲ್ಲ. ತೆರೆದ ಬಾಯಿ ಮುಚ್ಚಿ ಕತ್ತಿ ಎತ್ತಿಕೊಂಡ.

ಅಂಚೆಯಣ್ಣ ಈಗಲೂ ಪ್ರತಿ ಶನಿವಾರ ತಪ್ಪದೆ ಬರುತ್ತಾನೆ. ಕಣ್ಣು ಮಾತ್ರ ಮುಚ್ಚುವುದಿಲ್ಲ.